ಮೆದು ಪ್ಲಾಸ್ಟಿಕ್ಕೂ ನೀರುಚಿಗಟವೂ

ಮಳೆಗಾಲ ಮೊದಲಾದೊಡನೆ ಪೆಟ್ಟಿಗೆಯಿಂದ ಹೊರಬರುವ ರೇನ್‌ಕೋಟು, ಊಟದ ಮೇಜಿನ ಮೇಲಿನ ಹೂಚಿತ್ರದ ಹಾಸು, ಕೈತೋಟಕ್ಕೆ ನೀರುಣಿಸುವ ಮೆದು ಕೊಳವೆ, ವಿದ್ಯುತ್ ತಂತಿಯ ಬಣ್ಣಬಣ್ಣದ ಹೊದಿಕೆ, ಬೀದಿ ಕೂಡುವಲ್ಲಿ ಗಾಳಿಗೆ ಪಟಪಟಿಸುವ ಫ್ಲೆಕ್ಸ್ ಫಲಕ — ಇವು ನೋಡಲು ಬೇರೆ ಬೇರೆಯಾದರೂ ಬಹುಮಟ್ಟಿಗೆ ಒಂದೇ ಕುಲದವು. ಪಾಲಿವಿನೈಲ್ ಕ್ಲೋರೈಡ್, ಅರ್ಥಾತ್ ಪಿ.ವಿ.ಸಿ., ಇವುಗಳ ಮೂಲದ್ರವ್ಯ. ಗೋಡೆಯ ಬದಿಯಲ್ಲಿ ನೆಟ್ಟಗೆ ಇಳಿಯುವ ಗಟ್ಟಿ ಕೊಳವೆಯೂ ಪಿ.ವಿ.ಸಿ.ಯೇ. ಒಂದೇ ದ್ರವ್ಯವು ಒಂದೆಡೆ ಕೋಲಿನಂತೆ ಬಿರುಸಾಗಿಯೂ ಇನ್ನೊಂದೆಡೆ ಬಟ್ಟೆಯಂತೆ ಮೃದುವಾಗಿಯೂ ಇರುವುದು ಹೇಗೆ?

ಇದರ ರಹಸ್ಯವಿರುವುದು ‘ಪ್ಲಾಸ್ಟಿಸೈಜರ್’ ಎಂಬ ಮೃದುಕಾರಿ ದ್ರವ್ಯದಲ್ಲಿ. ಮೃದುಕಾರಿಯ ಚರಿತ್ರೆಯು ದೇವರ ಮುಂದೆ ಬೆಳಗುವ ಕರ್ಪೂರದಿಂದಲೇ ಆರಂಭವಾಗುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು. 1870ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಎಂಬಾತನು ನೈಟ್ರೊಸೆಲ್ಯುಲೋಸಿಗೆ ಕರ್ಪೂರವನ್ನು ಬೆರೆಸಿ, ಬೇಕಾದ ಆಕಾರಕ್ಕೆ ಒಗ್ಗುವ ಸೆಲ್ಯುಲಾಯ್ಡನ್ನು ತಯಾರಿಸಿದನು. ಪಿ.ವಿ.ಸಿ.ಯನ್ನು ಹೀಗೆ ಮೆದುವಾಗಿಸುವ ಉಪಾಯವನ್ನು 1926ರಲ್ಲಿ ವಾಲ್ಡೊ ಸೀಮನ್ ಕಂಡುಹಿಡಿದನು. ಮುಂದೆ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಗೆ ಬಂದವು ಥ್ಯಾಲೇಟ್ ಎಂಬ ಎಣ್ಣೆಯಂಥ ದ್ರವಗಳು. ಅವುಗಳಲ್ಲಿ ಡಿ.ಇ.ಎಚ್.ಪಿ. ಎಂಬುದು ಬಹುಕಾಲ ಅಗ್ರಸ್ಥಾನದಲ್ಲಿತ್ತು. ಮೆದು ಪಿ.ವಿ.ಸಿ. ವಸ್ತುವಿನ ತೂಕದಲ್ಲಿ ನೂರಕ್ಕೆ 30ರಿಂದ 40 ಭಾಗದವರೆಗೂ ಮೃದುಕಾರಿಯೇ ಇರುವುದುಂಟು.

ತೊಡಕು ಹುಟ್ಟುವುದು ಇಲ್ಲಿಯೇ. ಮೃದುಕಾರಿಯು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕ ಬಂಧವನ್ನು ಬೆಳೆಸುವುದಿಲ್ಲ. ಛತ್ರದಲ್ಲಿ ತಂಗಿದ ಪ್ರಯಾಣಿಕನಂತೆ ಅದು ಅಣುಸರಪಳಿಗಳ ನಡುವೆ ಸುಮ್ಮನೆ ಬೀಡುಬಿಟ್ಟಿರುತ್ತದೆ. ಬಿಸಿಲು, ನೀರು, ಎಣ್ಣೆ, ಕಾಲ ಇವುಗಳ ಸಂಪರ್ಕದಿಂದ ಮೆಲ್ಲಮೆಲ್ಲನೆ ಹೊರಟುಹೋಗುತ್ತದೆ. ಹಳೆಯ ಮೇಜುಹಾಸು ವರ್ಷಗಳು ಕಳೆದಂತೆ ಬಿರುಸಾಗಿ ಬಿರುಕುಬಿಡುವುದಕ್ಕೆ ಇದೂ ಒಂದು ಕಾರಣ. ಹಾಗೆ ಹೊರಟದ್ದು ಎಲ್ಲಿಗೆ ಹೋಯಿತು? ಕೆಲವು ಪಾಲು ಗಾಳಿಗೆ, ಕೆಲವು ಧೂಳಿಗೆ; ಮಳೆಯ ನೀರಿನೊಡನೆಯೂ ಮನೆಯ ಕೊಳೆನೀರಿನೊಡನೆಯೂ ಸೇರಿದ್ದು ಚರಂಡಿಗೆ, ಚರಂಡಿಯಿಂದ ಕೆರೆಗೆ, ಹೊಳೆಗೆ. ಇದು ಪರದೇಶದ ನದಿಗಳ ಮಾತು ಮಾತ್ರವಲ್ಲ. ಕಾವೇರಿಯ ನೀರಿನಲ್ಲಿಯೂ ಕೆಸರಿನಲ್ಲಿಯೂ ಥ್ಯಾಲೇಟುಗಳು ಸೇರಿರುವುದನ್ನು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಆ ನೀರಿನಲ್ಲಿ ಬದುಕುವ ಪ್ರಾಣಿಗಳಲ್ಲಿ ವಿಜ್ಞಾನಿಗಳು ಮೊದಲು ವಿಚಾರಿಸುವುದು ಮೀನನ್ನಲ್ಲ, ನೀರುಚಿಗಟವನ್ನು. ಡಾಫ್ನಿಯ ಎಂಬುದು ಇದರ ಶಾಸ್ತ್ರೀಯ ನಾಮ. ಹೆಸರಿನಲ್ಲಿ ಚಿಗಟವಿದ್ದರೂ ಇದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಜೀವಿ. ನೀರಿನಲ್ಲಿ ಕುಪ್ಪಳಿಸುವಂತೆ ಈಜುವುದರಿಂದ ಈ ಹೆಸರು ಬಂದಿದೆ. ಪ್ರಯೋಗಶಾಲೆಗಳಲ್ಲಿ ಸಾಕುವ ಡಾಫ್ನಿಯ ಮ್ಯಾಗ್ನ ಎಂಬ ಜಾತಿ ಬೆಳೆದರೆ ಸುಮಾರು 5 ಮಿಲಿಮೀಟರು. ನಮ್ಮ ಕೆರೆಕುಂಟೆಗಳಲ್ಲಿ ಇದಕ್ಕಿಂತಲೂ ಚಿಕ್ಕದಾದ ಮೊಯಿನ ಮೊದಲಾದ ಸೋದರ ಜಾತಿಗಳಿವೆ. ಇದರ ಮೈ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬಡಿಯುವ ಗುಂಡಿಗೆ, ಹಸುರು ತುಂಬಿದ ಕರುಳು, ಬೆನ್ನಿನ ಚೀಲದಲ್ಲಿ ಬೆಳೆಯುತ್ತಿರುವ ಮರಿಗಳು ಎಲ್ಲವೂ ಕಾಣುತ್ತವೆ. ರಕ್ತಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆಂಬ ತತ್ತ್ವಕ್ಕೆ 1884ರಲ್ಲಿ ಇಲ್ಯಾ ಮೆಚ್ನಿಕಾಫ್ ಆಧಾರವನ್ನು ಪಡೆದದ್ದು ಈ ಗಾಜುಮೈಯೊಳಗೆ ಇಣಿಕಿ ನೋಡಿಯೇ.

ಹೊಸ ರಾಸಾಯನಿಕವೊಂದು ನೀರಿನ ಜೀವಿಗಳಿಗೆ ವಿಷವೇ ಅಲ್ಲವೇ ಎಂಬುದನ್ನು ತಿಳಿಯಲು ಒಂದು ಅಂತರರಾಷ್ಟ್ರೀಯ ಕ್ರಮವಿದೆ. ಹುಟ್ಟಿ 24 ಗಂಟೆಯೂ ತುಂಬದ ನೀರುಚಿಗಟಗಳನ್ನು ಆ ದ್ರವ್ಯ ಬೆರೆತ ನೀರಿನಲ್ಲಿ ಬಿಟ್ಟು, 48 ಗಂಟೆಗಳಲ್ಲಿ ಎಷ್ಟು ಮರಿಗಳು ಚಲನೆಯನ್ನು ಕಳೆದುಕೊಂಡವೆಂದು ಎಣಿಸುತ್ತಾರೆ. ಥ್ಯಾಲೇಟುಗಳಲ್ಲಿ ಹಗುರವಾದ ಡೈಬ್ಯುಟೈಲ್ ಥ್ಯಾಲೇಟಿನಂಥವು ಲೀಟರಿಗೆ ಕೆಲವು ಮಿಲಿಗ್ರಾಂ ಇದ್ದರೆ ಈ ಪರೀಕ್ಷೆಯಲ್ಲಿ ಅಪಾಯವನ್ನು ತೋರುತ್ತವೆ. ಭಾರವಾದ ಡಿ.ಇ.ಎಚ್.ಪಿ.ಯ ಕಥೆ ಬೇರೆ. ಅದು ನೀರಿನಲ್ಲಿ ಕರಗುವುದೇ ಅತ್ಯಲ್ಪ. ಕರಗಿದಷ್ಟರಿಂದ ಎರಡು ದಿನಗಳಲ್ಲಿ ಚಿಗಟಗಳು ಸಾಯುವುದಿಲ್ಲ. ಹೆಚ್ಚಾಗಿ ಸುರಿದರೆ ಅದು ಹನಿಗಳಾಗಿ ತೇಲುತ್ತದೆ. ಮರಿಗಳು ಆ ಎಣ್ಣೆಯ ಪೊರೆಗೆ ಸಿಕ್ಕಿಕೊಂಡು ಒದ್ದಾಡುತ್ತವೆ. ಅದು ವಿಷದ ಪರಿಣಾಮವಲ್ಲ, ಜಿಡ್ಡಿನ ಬಲೆ.

ಹಾಗಾದರೆ ಡಿ.ಇ.ಎಚ್.ಪಿ. ನಿರಪರಾಧಿಯೆಂದು ತೀರ್ಪು ಕೊಡಬಹುದೆ? ಎರಡು ದಿನಗಳ ಪರೀಕ್ಷೆ ಎಣಿಸುವುದು ಸಾವನ್ನೂ ಜಡತೆಯನ್ನೂ ಮಾತ್ರ. ಆದರೆ ಒಂದು ಪ್ರಾಣಿವರ್ಗದ ನಾಶವಾಗಲು ಅದು ಸಾಯಲೇಬೇಕೆಂಬ ನಿಯಮವಿಲ್ಲ. ಹೆರುವುದು ಕಡಿಮೆಯಾದರೂ ಸಾಕು. ಆದ್ದರಿಂದಲೇ 21 ದಿನಗಳ ಇನ್ನೊಂದು ಪರೀಕ್ಷೆ ರೂಢಿಗೆ ಬಂದಿದೆ. ಅನುಕೂಲ ಕಾಲದಲ್ಲಿ ಹೆಣ್ಣು ನೀರುಚಿಗಟವು ಗಂಡಿನ ನೆರವಿಲ್ಲದೆಯೇ ಮೂರು ನಾಲ್ಕು ದಿನಗಳಿಗೊಮ್ಮೆ ಹೆಣ್ಣುಮರಿಗಳನ್ನು ಈಯುತ್ತದೆ. ಆ ಮರಿಗಳ ಸಂಖ್ಯೆಯೇ ಇಲ್ಲಿ ಅಳತೆಗೋಲು. 2019ರಲ್ಲಿ ಸ್ವೀಡನ್ನಿನ ಓರೆಬ್ರೊ ವಿಶ್ವವಿದ್ಯಾಲಯದ ಸಂಶೋಧಕರು ಸಾವನ್ನು ಮಾತ್ರ ಎಣಿಸದೆ, ಮೂರು ಬಗೆಯ ಥ್ಯಾಲೇಟುಗಳ ನಡುವೆ ಬೆಳೆದ ನೀರುಚಿಗಟಗಳ ಸಂತಾನ, ಕೊಬ್ಬಿನ ಸಂಗ್ರಹ, ಆಯುಷ್ಯ ಇವೆಲ್ಲವನ್ನೂ ಪರಿಶೀಲಿಸಿದರು. ಕೊಬ್ಬಿನ ವ್ಯವಹಾರದಲ್ಲಿಯೂ ಆಯುಷ್ಯದಲ್ಲಿಯೂ ವ್ಯತ್ಯಾಸವಾಗುವುದು ಕಂಡುಬಂತು. ಮೈಯ ಕೊಬ್ಬೇ ತಾಯಿಯು ಮೊಟ್ಟೆಗಳಿಗೆ ಕಟ್ಟಿಕೊಡುವ ಬುತ್ತಿಯೆಂಬುದನ್ನು ನೆನೆದರೆ ಇದರ ಗಾಂಭೀರ್ಯ ಅರ್ಥವಾಗುತ್ತದೆ.

ನೀರಿನಲ್ಲಿ ಕರಗದ ಡಿ.ಇ.ಎಚ್.ಪಿ. ಕೊನೆಗೆ ತಳದ ಕೆಸರನ್ನು ಸೇರುತ್ತದೆ. ಆ ಕೆಸರಿನಲ್ಲಿ ಕೈರೊನೊಮಸ್ ಎಂಬ ಕಚ್ಚದ ಸೊಳ್ಳೆಯಂಥ ಕೀಟದ ಕೆಂಪು ಮರಿಹುಳುಗಳು ವಾಸಿಸುತ್ತವೆ. ಥ್ಯಾಲೇಟುಗಳ ಸಂಪರ್ಕದಿಂದ ಇವುಗಳಲ್ಲಿ ಆಪತ್ಕಾಲದ ಪ್ರೋಟೀನುಗಳಿಗೆ ಸಂಬಂಧಿಸಿದ ಜೀನುಗಳ ವರ್ತನೆ ಬದಲಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಪೊರೆ ಕಳಚುವ ಕ್ರಿಯೆಯನ್ನು ನಡೆಸುವ ಹಾರ್ಮೋನಿನ ವ್ಯವಸ್ಥೆಯೂ ಕದಲುವುದು ಕಂಡಿದೆ. ಪೊರೆ ಕಳಚದೆ ಹುಳು ಬೆಳೆಯಲಾರದು, ರೆಕ್ಕೆ ಪಡೆಯಲಾರದು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪ್ರಯೋಗದ ಗಾಜಿನ ಪಾತ್ರೆಯಲ್ಲಿ ಬಳಸುವ ಪ್ರಮಾಣ ಅನೇಕ ವೇಳೆ ನದಿಯಲ್ಲಿ ದೊರೆಯುವುದಕ್ಕಿಂತ ಬಹಳ ಹೆಚ್ಚು. ಆದರೆ ಗಾಜಿನ ಪಾತ್ರೆಯ ಚಿಗಟಕ್ಕೆ ಹೊತ್ತು ಹೊತ್ತಿಗೆ ಆಹಾರವುಂಟು, ಶತ್ರುಗಳಿಲ್ಲ, ವಿಷವೂ ಒಂದೇ. ಕೆರೆಯ ಚಿಗಟಕ್ಕೆ ಸಾಬೂನು, ಕೀಟನಾಶಕ, ಕೊಳೆ, ಪ್ರಾಣವಾಯುವಿನ ಕೊರತೆ ಇವೆಲ್ಲವುಗಳ ಜೊತೆಗೆ ಮೃದುಕಾರಿಯೂ ಬರುತ್ತದೆ. ಅದೂ ಎರಡು ದಿನವಲ್ಲ, ಹುಟ್ಟಿನಿಂದ ಸಾವಿನವರೆಗೆ.

ಇಷ್ಟು ಸಣ್ಣ ಜೀವಿಯ ಯೋಗಕ್ಷೇಮದಿಂದ ಮನುಷ್ಯನಿಗೇನು? ನೀರುಚಿಗಟವು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ. ಅದನ್ನು ಮೀನಿನ ಮರಿ ತಿನ್ನುತ್ತದೆ. ಮೀನನ್ನು ಕೊಕ್ಕರೆಯೂ ಮನುಷ್ಯನೂ ತಿನ್ನುತ್ತಾರೆ. ಈ ಸೋಸುವ ಕೆಲಸ ಕುಂದಿದರೆ ನೀರು ಹಸುರುಗಟ್ಟುತ್ತದೆ, ಮೀನಿನ ಮರಿ ಉಪವಾಸ ಬೀಳುತ್ತದೆ. ಸಂಬಳವಿಲ್ಲದೆ ಕೆರೆಯನ್ನು ಚೊಕ್ಕಟವಾಗಿಡುವ ಜಾಡಮಾಲಿಯನ್ನು ಕಳೆದುಕೊಂಡ ಊರು ಆಮೇಲೆ ಯಂತ್ರಗಳಿಗೆ ಹಣ ಸುರಿಯಬೇಕಾಗುತ್ತದೆ.

ಸರಕಾರಗಳು ಕೈಕಟ್ಟಿ ಕುಳಿತಿಲ್ಲ. 2020ರ ಜುಲೈಯಿಂದ ಯೂರೋಪಿನ ಒಕ್ಕೂಟವು ನಾಲ್ಕು ಥ್ಯಾಲೇಟುಗಳಿಗೆ ಗೃಹಬಳಕೆಯ ಬಹುತೇಕ ವಸ್ತುಗಳಲ್ಲಿ ನೂರಕ್ಕೆ 0.1 ಭಾಗದ ಮಿತಿಯನ್ನು ಹಾಕಿದೆ. ಕರ್ನಾಟಕ ಸರಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಫಲಕವೂ ಸೇರಿತ್ತು. ಆದರೂ ಹುಟ್ಟುಹಬ್ಬದ ಶುಭಾಶಯಗಳು ಬೀದಿಯಲ್ಲಿ ಇನ್ನೂ ತೂಗುತ್ತಲೇ ಇವೆ. ಥ್ಯಾಲೇಟಿಗೆ ಬದಲಾಗಿ ಹೊಸ ಮೃದುಕಾರಿಗಳು ಬರುತ್ತಿವೆ. ಅವನ್ನೂ ಎರಡು ದಿನ ನೋಡಿ ಸುಮ್ಮನಾಗದೆ, ಸಂತತಿಯವರೆಗೂ ಪರೀಕ್ಷಿಸುವುದು ಅವಶ್ಯ.

ಮನೆಯಲ್ಲಿಯೂ ಕೆಲವು ವಿವೇಕಗಳನ್ನು ಪಾಲಿಸಬಹುದು. ಎಲ್ಲ ಪ್ಲಾಸ್ಟಿಕ್ಕೂ ಮೃದುಕಾರಿಯನ್ನು ಹೊತ್ತಿಲ್ಲ. ಅಂಗಡಿಯ ತೆಳುಚೀಲದ ಪಾಲಿಥೀನಿಗೆ ಅದರ ಅಗತ್ಯವಿಲ್ಲ. ಎಚ್ಚರ ಬೇಕಾದದ್ದು ಮೆದು ಪಿ.ವಿ.ಸಿ.ಯ ವಿಷಯದಲ್ಲಿ. ಮೇಜಿಗೆ ಬಟ್ಟೆಯ ಹಾಸು ಸಾಲದೆ? ಹರಿದ ರೇನ್‌ಕೋಟನ್ನು ರಾಜಕಾಲುವೆಗೆ ಎಸೆಯಬಾರದು. ಸುಡುವುದಂತೂ ಸರ್ವಥಾ ಕೂಡದು, ಪಿ.ವಿ.ಸಿ. ಉರಿದಾಗ ಹೈಡ್ರೊಕ್ಲೋರಿಕ್ ಆಮ್ಲದ ಹಬೆಯೂ ಡೈಆಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಅದು ಒಣಕಸದೊಡನೆ ಬೇರೆಯಾಗಿ ಹೋಗಲಿ. ಹಳೆಯದು ಬಾಳುವಷ್ಟು ಕಾಲ ಹೊಸದನ್ನು ಕೊಳ್ಳದಿರುವುದೂ ಕೆರೆಗೆ ಮಾಡಿದ ಉಪಕಾರವೇ.

ಸತ್ತ ಮೀನು ತೇಲಿದರೆ ಊರು ಗುಲ್ಲೆಬ್ಬಿಸುತ್ತದೆ. ಹುಟ್ಟದೆ ಹೋದ ನೀರುಚಿಗಟದ ಮರಿಗಳು ತೇಲುವುದಿಲ್ಲ, ನಾರುವುದಿಲ್ಲ. ಅವುಗಳನ್ನು ಎಣಿಸುವ ತಾಳ್ಮೆ ಇರುವ ಊರಿನಲ್ಲಿ ಮಾತ್ರ ಕೆರೆಗಳು ಉಳಿದಾವು.