ತೆಪ್ಪದ ಮೇಲೆ ಹದಿಮೂರು ದಿನ

ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋದವರೆಲ್ಲ ಮೊದಲು ಓಡುವುದು ಮೋನಾಲಿಸಾಳ ಬಳಿಗೆ. ಅದು ಇಟಲಿಯ ಚಿತ್ರ; ಎತ್ತರ 77 ಸೆಂಟಿಮೀಟರ್, ಅಗಲ 53. ಜನರ ತಲೆಗಳ ನಡುವೆ ಅದನ್ನು ಇಣುಕಿ ನೋಡಿದ್ದಾದ ಮೇಲೆ, ಹತ್ತಿರದಲ್ಲೇ ಇರುವ ಕೆಂಪು ಗೋಡೆಗಳ ಸಭಾಂಗಣಕ್ಕೆ ಬನ್ನಿ. ಅಲ್ಲಿದೆ ಫ್ರಾನ್ಸಿನ ತೆಯೊಡೋರ್ ಜೆರಿಕೊ ಬರೆದ ‘ಮೆಡೂಸಾದ ತೆಪ್ಪ’. 16 ಅಡಿ ಎತ್ತರ, 23 ಅಡಿಗೂ ಮಿಕ್ಕಿದ ಅಗಲ. ಕಾಲು ಗಂಟೆಯಾದರೂ ಅದರ ಮುಂದೆ ನಿಲ್ಲಿ.

ಇದು ಕಲ್ಪನೆಯ ಕಥೆಯಲ್ಲ. 1816ರ ಜುಲೈ ತಿಂಗಳಲ್ಲಿ ಸೆನೆಗಲ್‌ಗೆ ಹೊರಟಿದ್ದ ‘ಮೆಡೂಸಾ’ ಎಂಬ ಫ್ರೆಂಚ್ ನೌಕೆ ಆಫ್ರಿಕದ ಪಶ್ಚಿಮ ತೀರದಾಚೆ ಮರಳ ದಿಬ್ಬದಲ್ಲಿ ಸಿಕ್ಕಿಕೊಂಡಿತು. ಅದರ ಕಪ್ತಾನ ಸುಮಾರು ಇಪ್ಪತ್ತು ವರ್ಷಗಳಿಂದ ಹಡಗು ನಡೆಸಿದವನೇ ಅಲ್ಲ! ರಾಜನ ಪಕ್ಷದವನೆಂಬ ವಶೀಲಿಯಿಂದ ಹುದ್ದೆ ಸಿಕ್ಕಿತ್ತು. ದೋಣಿಗಳು ಸಾಲದೆ, ಸುಮಾರು 150 ಮಂದಿಯನ್ನು ಮರದ ತೆಪ್ಪವೊಂದಕ್ಕೆ ಇಳಿಸಿದರು. ದೋಣಿಗಳು ಅದನ್ನು ದಡದವರೆಗೆ ಎಳೆದೊಯ್ಯಬೇಕಿತ್ತು. ಆದರೆ ಸ್ವಲ್ಪ ದೂರದಲ್ಲೇ ಹಗ್ಗ ಬಿಟ್ಟುಹೋದರು. ಹದಿಮೂರು ದಿನ ಹಸಿವು, ಬಾಯಾರಿಕೆ, ಹೊಡೆದಾಟ. ಕೊನೆಗೆ ಸತ್ತವರ ಮಾಂಸವೇ ಆಹಾರ. ಬದುಕಿ ಸಿಕ್ಕವರು 15 ಜನ. (ಚಿಕ್ಕ ಮಕ್ಕಳಿಗೆ ಎಷ್ಟು ಹೇಳಬೇಕೆಂಬುದನ್ನು ತಂದೆ ತಾಯಿಯರೇ ತೀರ್ಮಾನಿಸಲಿ.)

ಜೆರಿಕೊ ಬದುಕುಳಿದವರನ್ನು ಹುಡುಕಿ ಮಾತಾಡಿಸಿದ. ಅವರಲ್ಲೊಬ್ಬ ಬಡಗಿಯಿಂದ ತೆಪ್ಪದ ಮಾದರಿ ಮಾಡಿಸಿದ. ಹೆಣಗಳ ಬಣ್ಣ ಅರಿಯಲು ಆಸ್ಪತ್ರೆಗೆ ಅಲೆದ. 1819ರಲ್ಲಿ ಚಿತ್ರ ಪ್ರದರ್ಶನಗೊಂಡಾಗ ಅವನಿಗಿನ್ನೂ 27 ವರ್ಷ. 32ಕ್ಕೆ ತೀರಿಕೊಂಡ. ಚಿತ್ರ ಲೂವ್ರ್‌ಗೆ ಸೇರಿದ್ದು ಆಮೇಲೆ.

ಈಗ ಚಿತ್ರ ನೋಡಿ. ಕೆಳಗೆ ಎಡಗಡೆ, ಸತ್ತ ತರುಣನನ್ನು ಹಿಡಿದು ಕೂತ ಮುದುಕ. ಅವನು ಹಡಗಿನತ್ತ ನೋಡುತ್ತಲೂ ಇಲ್ಲ. ಅಲ್ಲಿಂದ ಮೈಗಳು ಒಂದರ ಮೇಲೊಂದು ಬಲಕ್ಕೆ ಏರುತ್ತವೆ. ತುದಿಯಲ್ಲಿ ಬಟ್ಟೆ ಬೀಸುತ್ತಿರುವವನು ಒಬ್ಬ ಆಫ್ರಿಕದವನು. ಕರಿಯರನ್ನು ಇನ್ನೂ ಮಾರಿ ಕೊಳ್ಳುತ್ತಿದ್ದ ಕಾಲದಲ್ಲಿ ಅವನನ್ನು ಎಲ್ಲರಿಗಿಂತ ಮೇಲೆ ನಿಲ್ಲಿಸಿದ್ದು ಸಣ್ಣ ಧೈರ್ಯವಲ್ಲ. ಅವನು ಕರೆಯುತ್ತಿರುವುದು ಯಾರನ್ನು? ಮಕ್ಕಳಿಗೆ ಹುಡುಕಲು ಹೇಳಿ. ದಿಗಂತದಲ್ಲಿ ಒಂದು ಚುಕ್ಕೆಯಿದೆ. ಅದೇ ‘ಆರ್ಗಸ್’ ಹಡಗು. ಗಾಳಿ ಮಾತ್ರ ತೆಪ್ಪವನ್ನು ಎಡಕ್ಕೆ, ದೊಡ್ಡ ಅಲೆಯತ್ತ, ತಳ್ಳುತ್ತಿದೆ.

ಮುಂದೆ ಬೋರಲಾಗಿ ಬಿದ್ದವನಿಗೆ ರೂಪದರ್ಶಿಯಾಗಿದ್ದವನು ಗೆಳೆಯ ಡೆಲಾಕ್ರ್ವಾ. ಅವನೇ 1830ರಲ್ಲಿ ಬರೆದ, ಬಾವುಟ ಹಿಡಿದ ಸ್ವಾತಂತ್ರ್ಯದೇವಿಯ ಚಿತ್ರವೂ ಇದೇ ಸಭಾಂಗಣದಲ್ಲಿದೆ. 2024ರಲ್ಲಿ ಹಳೆಯ ವಾರ್ನಿಷ್ ತೆಗೆದು ಶುಚಿಗೊಳಿಸಿದ ಮೇಲೆ ಅದರ ನೀಲಿ, ಬಿಳಿ, ಕೆಂಪು ಹೊಳೆಯುತ್ತಿವೆ. ಜೆರಿಕೊನ ಚಿತ್ರ ಮಾತ್ರ ವರ್ಷಗಳು ಕಳೆದಂತೆ ಕಪ್ಪಾಗಿದೆ. ಅವನು ಬಳಸಿದ ಡಾಂಬರಿನಂಥ ಬಣ್ಣದ ದೋಷ ಅದು.

ಮಂಗಳವಾರ ಹೋಗಬೇಡಿ, ಲೂವ್ರ್‌ಗೆ ಅಂದು ರಜೆ.