ಹೊಸದಿಲ್ಲಿಯ ದೂರ

ಪರರು ಕಟ್ಟಿದ ರಾಜಧಾನಿಯನ್ನು ಸ್ವತಂತ್ರ ಜನತೆ ತನ್ನದಾಗಿ ಮಾಡಿಕೊಳ್ಳುವುದು ಹೇಗೆ? ಹೆಸರುಗಳನ್ನು ಬದಲಿಸಿರಿ ಎನ್ನುವವರು ಒಂದು ಕಡೆ. ಒಂದು ಕಲ್ಲನ್ನೂ ಕದಲಿಸಬೇಡಿರಿ ಎನ್ನುವವರು ಇನ್ನೊಂದು ಕಡೆ. ಹೊಸದಿಲ್ಲಿಯ ಬೀದಿಗಳಲ್ಲಿ ಕಾಲು ಸೋಲುವಷ್ಟು ನಡೆದಿರುವ ನನಗೆ, ಈ ಇಬ್ಬರೂ ಮುಖ್ಯವಾದುದನ್ನು ಬಿಟ್ಟು ವಾದಿಸುತ್ತಿದ್ದಾರೆಂದು ತೋರುತ್ತದೆ. ಆಂಗ್ಲರು ಅಲ್ಲಿ ಕಲ್ಲಿನಷ್ಟೇ ಜತನದಿಂದ ಕಟ್ಟಿದ ಇನ್ನೊಂದು ವಸ್ತುವುಂಟು. ಅದು ಆಳುವವನಿಗೂ ಆಳಿಸಿಕೊಳ್ಳುವವನಿಗೂ ನಡುವಣ ದೂರ.

ರಾಜಧಾನಿಯನ್ನು ಕಲಕತ್ತೆಯಿಂದ ದಿಲ್ಲಿಗೆ ತರುವುದಾಗಿ ಐದನೆಯ ಜಾರ್ಜ್ ದೊರೆ ಸಾರಿದ್ದು 1911ರ ಡಿಸೆಂಬರ್ 12ರಂದು. ನಗರದ ಉದ್ಘಾಟನೆ ನಡೆದದ್ದು 1931ರ ಫೆಬ್ರವರಿಯಲ್ಲಿ. ಯಾರ ಮನೆ ವೈಸರಾಯನ ಅರಮನೆಗೆ ಎಷ್ಟು ಸಮೀಪ, ಯಾರ ಅಂಗಳ ಎಷ್ಟು ವಿಶಾಲ ಎಂಬುದೆಲ್ಲ ದರ್ಜೆಗೆ ತಕ್ಕಂತೆ ನಿಗದಿಯಾಗಿತ್ತು. ಭಾರತೀಯ ಗುಮಾಸ್ತರ ಪಾಲಿಗೆ ಬಂದದ್ದು ಉತ್ತರದಂಚಿನ ಗೋಲ್ ಮಾರ್ಕೆಟ್ಟಿನ ಸುತ್ತಣ ಸಣ್ಣ ಮನೆಗಳು. ಈ ಏರ್ಪಾಡಿನ ನಿಜವಾದ ಅರ್ಥ ತಿಳಿಯಬೇಕಾದರೆ ಇಂಡಿಯಾ ಗೇಟಿನಿಂದ ರೈಸೀನಾ ದಿಣ್ಣೆಯ ಕಡೆಗೆ ನಡೆದುಹೋಗಬೇಕು. ದೂರದಲ್ಲಿ ಅರಮನೆ ಸ್ಪಷ್ಟವಾಗಿ ಕಾಣುತ್ತದೆ. ಸಮೀಪಿಸುತ್ತ ಹೋದಂತೆ ಅದು ನೆಲದೊಳಗೆ ಇಳಿಯತೊಡಗಿ, ವಿಜಯ ಚೌಕದ ಹೊತ್ತಿಗೆ ಗುಮ್ಮಟವೊಂದುಳಿದು ಮಿಕ್ಕದ್ದು ಮಾಯವಾಗುತ್ತದೆ! ಏರುದಾರಿಯ ಇಳುಕಲನ್ನು ಕುರಿತ ಈ ದೋಷಕ್ಕಾಗಿ ಶಿಲ್ಪಿಗಳಾದ ಲುಟ್ಯೆನ್ಸ್ ಮತ್ತು ಬೇಕರ್ ಬಹುಕಾಲ ಮುನಿಸಿಕೊಂಡಿದ್ದರಂತೆ. ಲುಟ್ಯೆನ್ಸನಿಗೆ ಅದು ಕಲೆಯ ಸೋಲು. ನನಗಾದರೋ ಆ ಸಾಮ್ರಾಜ್ಯದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಶಿಲ್ಪ ಇನ್ನೊಂದಿಲ್ಲ. ಪ್ರಜೆ ಹತ್ತಿರ ಬಂದಷ್ಟೂ ಪ್ರಭು ಅದೃಶ್ಯನಾಗುವ ವ್ಯವಸ್ಥೆಯಲ್ಲವೆ ಅದು!

ಉದ್ಘಾಟನೆಯಾಗಿ ಹದಿನಾರೇ ವರ್ಷಗಳಲ್ಲಿ ಮನೆಯ ಒಡೆಯರು ಬದಲಾದರು. 1948ರಲ್ಲಿ ಗವರ್ನರ್ ಜನರಲ್ ಆಗಿ ಬಂದ ರಾಜಾಜಿಯವರು, 340 ಕೋಣೆಗಳ ಆ ಮನೆಯಲ್ಲಿ ವೈಸರಾಯನ ಶಯ್ಯಾಗೃಹವನ್ನು ಒಲ್ಲದೆ ಕೆಲವೇ ಚಿಕ್ಕ ಕೋಣೆಗಳಲ್ಲಿ ವಾಸ ಮಾಡಿದರು. ಅವರ ತರುವಾಯ ಬಂದ ರಾಷ್ಟ್ರಪತಿಗಳೂ ಅದನ್ನೇ ಅನುಸರಿಸಿದರು. ಇದು ಸಣ್ಣ ಸಂಗತಿಯಲ್ಲ. ಆದರೆ ಇದಕ್ಕೂ ಹಿರಿದಾದ ಗೆಲುವು ನಡೆದದ್ದು ಹೊರಗೆ, ರಾಜಪಥದ ಹುಲ್ಲಿನ ಮೇಲೆ. ಚಕ್ರವರ್ತಿಯ ಮೆರವಣಿಗೆಗೆಂದು ಬೆಳೆಸಿದ ಆ ಹುಲ್ಲಿನ ಮೇಲೆ ಹಳೆಯ ದಿಲ್ಲಿಯ ಸಂಸಾರಗಳು ಬೇಸಗೆಯ ಸಂಜೆ ಚಾದರ ಹಾಸಿ ಉಂಡವು. ಐಸ್‌ಕ್ರೀಮಿನ ಕೈಗಾಡಿಗಳು ಬಂದವು. ಆಂಗ್ಲರು ಸಾಲಾಗಿ ನೆಟ್ಟ ನೇರಳೆಮರಗಳ ಕೆಳಗೆ, ಮಳೆ ಹಿಡಿಯುತ್ತಲೂ, ಹಣ್ಣು ಉದುರಿಸಿ ಬಟ್ಟೆಯಲ್ಲಿ ಹಿಡಿದು ಮಾರುವ ಬಡವರು ಬಂದರು. ನೆಟ್ಟವರ ಲೆಕ್ಕದಲ್ಲಿ ಈ ಹಣ್ಣು ಇದ್ದಿತೋ ಇಲ್ಲವೋ!

1988ರ ಅಕ್ಟೋಬರಿನಲ್ಲಂತೂ ಮಹೇಂದ್ರ ಸಿಂಹ ಟಿಕಾಯತರ ಹಿಂದೆ ಬಂದ ಲಕ್ಷಾಂತರ ರೈತರು ಬೋಟ್ ಕ್ಲಬ್ಬಿನ ಬಯಲಿನಲ್ಲಿ ಸುಮಾರು ಒಂದು ವಾರ ಹುಕ್ಕಾ ಸೇದುತ್ತ ಬೀಡುಬಿಟ್ಟರು. ಪಟ್ಟಣದ ನಾಜೂಕಿನ ಮಂದಿ ಮೂಗು ಮುರಿದರು. ನನ್ನ ದೃಷ್ಟಿಯಲ್ಲಿ, ಹೊಸದಿಲ್ಲಿ ಭಾರತದ ರಾಜಧಾನಿಯಾದದ್ದು ಆ ವಾರ. 1990ರ ದಶಕದಲ್ಲಿ ಆ ಬಯಲು ಪ್ರತಿಭಟನೆಗಳಿಗೆ ಮುಚ್ಚಿಹೋಯಿತು. ಅಹವಾಲಿನವರನ್ನು ಜಂತರ್ ಮಂತರಿನ ಪಕ್ಕದ ಬೀದಿಗೆ ಕಳುಹಿಸಲಾಯಿತು.

ಹೆಸರಿನ ವಿಚಾರದಲ್ಲಿ ನನಗೆ ಜಗಳವಿಲ್ಲ. ಕಿಂಗ್ಸ್‌ವೇ ರಾಜಪಥವಾಯಿತು, 2022ರಲ್ಲಿ ಕರ್ತವ್ಯಪಥವಾಯಿತು. ಜಾರ್ಜ್ ದೊರೆಯ ಪ್ರತಿಮೆಯನ್ನು 1968ರಲ್ಲಿ ಸಾಗಿಸಿದ ಮೇಲೆ ಬಹುಕಾಲ ಬರಿದಾಗಿದ್ದ ಮಂಟಪದಲ್ಲಿ 2022ರಿಂದ ನೇತಾಜಿಯವರು ನಿಂತಿದ್ದಾರೆ. ಇಪ್ಪತ್ತೆಂಟು ಅಡಿಯ ಆ ಕರಿಯ ಕಲ್ಲಿನ ಮೂರ್ತಿಯನ್ನು ಕಡೆದ ಶಿಲ್ಪಿಗಳ ಮುಖಂಡರು ನಮ್ಮ ಮೈಸೂರಿನ ಅರುಣ್ ಯೋಗಿರಾಜರೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಆದರೆ ಹೆಸರಿನ ಶಕ್ತಿ ಎಷ್ಟೆಂಬುದಕ್ಕೆ ಕನಾಟ್ ಪ್ಲೇಸನ್ನು ನೋಡಿರಿ. 1995ರಲ್ಲಿ ಅದಕ್ಕೆ ರಾಜೀವ್ ಚೌಕವೆಂದು ಹೆಸರಿಟ್ಟರು. ನೆಲದಡಿಯ ಮೆಟ್ರೋ ರೈಲು ಆ ಹೆಸರನ್ನು ಸಾರುತ್ತದೆ. ಇಳಿದು ಮೇಲೆ ಬಂದವನು ಗೆಳೆಯನಿಗೆ ಫೋನು ಮಾಡಿ "ಸೀಪಿಯಲ್ಲಿದ್ದೇನೆ" ಎನ್ನುತ್ತಾನೆ.

ಕಾವಲು ಬೇಡವೆ ಎಂದು ಕೇಳುವವರುಂಟು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ನಡೆದ ದಾಳಿಯನ್ನು ಮರೆತು ಮಾತನಾಡುವುದು ಸಲ್ಲದು. ಒಪ್ಪಿದೆ. ಆದರೆ ಮಂತ್ರಿ ಮಹಾಶಯರು ಇಂದಿಗೂ ದರ್ಜೆಗೆ ತಕ್ಕ ಬಂಗಲೆಗಳಲ್ಲಿ, ಎಕರೆಗಟ್ಟಲೆ ಹಸುರಿನ ಹಿಂದೆ ಇರತಕ್ಕದ್ದು ಯಾವ ದಾಳಿಯ ಭಯದಿಂದ? ಆ ಹಸುರು ಭಯಕ್ಕಿಂತ ಹಳೆಯದು. ಅದು 1931ರ ಅಳತೆ. ಅದನ್ನು ಬದಲಿಸಬೇಕೆಂದು ಗಟ್ಟಿಯಾಗಿ ಕೇಳಿದವರು ಯಾವ ಪಕ್ಷದಲ್ಲಿಯೂ ನನಗೆ ಸಿಕ್ಕಿಲ್ಲ.

ಬೇಕರನ ಉತ್ತರ, ದಕ್ಷಿಣ ಬ್ಲಾಕುಗಳನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನಾಗಿ ಮಾಡುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿದರು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕಡತಗಳಿದ್ದ ಕೋಣೆಗಳಲ್ಲಿ ಹಳ್ಳಿಯ ಶಾಲೆಯ ಮಕ್ಕಳು ಗದ್ದಲ ಮಾಡುತ್ತ ಓಡಾಡುವುದಾದರೆ ಅದಕ್ಕಿಂತ ಬೇರೆ ಏನು ಬೇಕು? ಬಾಗಿಲು ತೆರೆದ ದಿನ ವಿಜಯ ಚೌಕದಿಂದ ಹೊರಟು ಆ ದಿಣ್ಣೆಯನ್ನು ಹತ್ತಬೇಕೆಂದಿದ್ದೇನೆ. ದಾರಿಯಲ್ಲಿ ಕಬ್ಬಿಣದ ತಡೆಗಳು ಎಷ್ಟು ಉಳಿದಿವೆಯೆಂದು ಎಣಿಸಿಯೇ ಒಳಗೆ ಹೋಗುವುದು.