ಹುಡುಗನ ಷಡ್ಜ, ತಂಡದ ಷಡ್ಜ

ಶಾಲೆಗಳ ಸ್ನೇಹಸಮ್ಮೇಳನದ ದಿನಗಳು ಸಮೀಪಿಸಿವೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಸಂಜೆಯಾದರೆ ಪೇಟಿಯ ಧ್ವನಿಯೂ ತಬಲೆಯ ಠೇಕೆಯೂ ಕೇಳಿಬರುವ ಕಾಲವಿದು. ನಾನು ಶಿಕ್ಷಕನಾಗಿದ್ದಾಗ ಇಂಥದೇ ಒಂದು ಸಂಜೆ ಮಾಡಿದ ತಪ್ಪನ್ನು ಪಾಲಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಏಳನೆಯ ಇಯತ್ತೆಯ ಹುಡುಗನೊಬ್ಬ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮೌತ್ ಆರ್ಗನ್ ಕೊಂಡು, ಗುರುವಿಲ್ಲದೆ, ಹೊಲದ ಬದುವಿನ ಮೇಲೆ ಕುಳಿತು ನುಡಿಸಲು ಕಲಿತಿದ್ದ. ತಾಲೀಮಿನಲ್ಲಿ ಹುಡುಗಿಯೊಬ್ಬಳು ವಚನವನ್ನು ಹಾಡುತ್ತಿದ್ದಳು. ಇವನು ಜೊತೆಗೆ ಊದತೊಡಗಿದೊಡನೆ ಎಲ್ಲವೂ ಕರ್ಕಶವಾಯಿತು. ‘ಕಿವಿಯಿಲ್ಲದವನಿಗೆ ವಾದ್ಯವೇಕೆ?’ ಎಂದುಬಿಟ್ಟೆ. ಅವನು ವಾದ್ಯವನ್ನು ಕಿಸೆಯಲ್ಲಿಟ್ಟುಕೊಂಡ. ಮರುದಿನ ತಾಲೀಮಿಗೆ ಬರಲಿಲ್ಲ.

ಪೇಟಿ ನುಡಿಸಲು ಬಂದಿದ್ದವರು ತಡವಳದ ಭಜನೆಯಲ್ಲಿ ಪಳಗಿದ ಹಿರಿಯರು. ಅವರು ನನ್ನನ್ನು ಬದಿಗೆ ಕರೆದು, ‘ಸರ, ಹುಡುಗನ ಕಿವಿ ತಪ್ಪಿಲ್ಲರೀ. ಅವನ ವಾದ್ಯ ಬಿಳಿ ಒಂದರದು, ನಾವು ಹಾಡೂದು ಬಿಳಿ ಎರಡರಾಗ’ ಎಂದರು. ನಾನು ಮನೆಗೆ ಹೋಗಿ ಹುಡುಗನನ್ನು ಕರೆತಂದೆ. ಮಾಸ್ತರರು ಅವನೊಬ್ಬನಿಂದಲೇ ನುಡಿಸಿದರು. ಒಂದು ಸ್ವರವೂ ತಪ್ಪಲಿಲ್ಲ.

ಪೇಟಿಯಲ್ಲಿ ಒಂದು ಸಪ್ತಕಕ್ಕೆ ಬಿಳಿ ಪಟ್ಟಿಗಳು 7, ಕರಿ ಪಟ್ಟಿಗಳು 5. ಒಟ್ಟು 12 ಸ್ವರಗಳು. ಆದ್ದರಿಂದ ಯಾವ ಪಟ್ಟಿಯನ್ನಾದರೂ ಷಡ್ಜವೆಂದು ಹಿಡಿದು ಹಾಡನ್ನು ನುಡಿಸಬಹುದು. ಮಕ್ಕಳ ಕೈಯಲ್ಲಿರುವ ಸಾಮಾನ್ಯ ಮೌತ್ ಆರ್ಗನ್ನಿನಲ್ಲಿ ಆ ಅನುಕೂಲವಿಲ್ಲ. ಅದರೊಳಗಿನ ಲೋಹದ ನಾಲಗೆಗಳು ಒಂದೇ ಷಡ್ಜದ ಏಳು ಶುದ್ಧ ಸ್ವರಗಳಿಗೆ ಕಟ್ಟುಬಿದ್ದಿರುತ್ತವೆ. ಆ ಷಡ್ಜ ಯಾವುದೆಂಬುದನ್ನು ತಗಡಿನ ಮೇಲೆ ಕೊರೆದ ಇಂಗ್ಲಿಷ್ ಅಕ್ಷರವೇ ಹೇಳುತ್ತದೆ. ಸಿ ಎಂದರೆ ಬಿಳಿ 1, ಡಿ ಎಂದರೆ ಬಿಳಿ 2, ಇ ಬಿಳಿ 3, ಎಫ್ ಬಿಳಿ 4, ಜಿ ಬಿಳಿ 5, ಎ ಬಿಳಿ 6, ಬಿ ಬಿಳಿ 7. ಪಕ್ಕದಲ್ಲಿ ಒತ್ತುವ ಗುಂಡಿಯಿರುವ ಕ್ರೊಮ್ಯಾಟಿಕ್ ಎಂಬ ಬಗೆಯಲ್ಲಿ ಮಾತ್ರ 12 ಸ್ವರಗಳೂ ದೊರೆಯುತ್ತವೆ. ಅದರ ಬೆಲೆಯೂ ಹೆಚ್ಚು.

ಹಾಗಾದರೆ ಹೊಂದಿಸುವ ಕ್ರಮವೇನು? ಮೊದಲು ಹಾಡುವವರ ಕಂಠ. ಹಾಡಿನ ಅತ್ಯಂತ ಕೆಳಗಿನ ಸ್ವರವೂ ಅತ್ಯಂತ ಮೇಲಿನ ಸ್ವರವೂ ಯಾವ ಷಡ್ಜದಲ್ಲಿ ಆಯಾಸವಿಲ್ಲದೆ ಬರುತ್ತವೆಯೋ ಅದೇ ತಂಡದ ಷಡ್ಜ. ಆಮೇಲೆ ಪೇಟಿ, ಅದಕ್ಕೆ ತಕ್ಕಂತೆ ಸುತ್ತಿಗೆಯಿಂದ ಏರಿಸಿ ಇಳಿಸಿದ ತಬಲಾ. ಕೊನೆಗೆ ಮೌತ್ ಆರ್ಗನ್. ಬಿಳಿ 2ರಲ್ಲಿ ಶುದ್ಧ ಸ್ವರಗಳ ಹಾಡಿದ್ದರೆ ಡಿ ಅಕ್ಷರದ ವಾದ್ಯವೇ ಬೇಕು. ಅದಿಲ್ಲದಿದ್ದರೆ ಹಾಡನ್ನೇ ಬಿಳಿ 1ಕ್ಕೆ ಇಳಿಸಬಹುದೇ ಎಂದು ನೋಡಬೇಕು. ಕಂಠ ಒಪ್ಪಿದರೆ ಮಾತ್ರ.

ಇನ್ನೊಂದು ದಾರಿಯೂ ಉಂಟು. ನಮ್ಮ ಸಂಗೀತದಲ್ಲಿ ಅದನ್ನು ಮೂರ್ಛನೆ ಎನ್ನುತ್ತಾರೆ. ಸಿ ವಾದ್ಯದ ರಿಷಭವನ್ನೇ ಷಡ್ಜವೆಂದು ಹಿಡಿದರೆ ಬಿಳಿ 2ರಲ್ಲಿ ಕಾಫಿ ಥಾಟಿನ ಸ್ವರಗಳು ಸಿಗುತ್ತವೆ. ಪಂಚಮವನ್ನು ಹಿಡಿದರೆ ಬಿಳಿ 5ರಲ್ಲಿ ಖಮಾಜ್. ಅಮೆರಿಕದ ಬ್ಲೂಸ್ ವಾದಕರು ಅನುಸರಿಸುವ ಕ್ರಮವೂ ಈ ಎರಡನೆಯದೇ: ತಂಡದ ಷಡ್ಜದಿಂದ ಮಧ್ಯಮಕ್ಕೆ ಎಣಿಸಿ, ಆ ಮಧ್ಯಮ ಯಾವ ಅಕ್ಷರವೋ ಆ ವಾದ್ಯವನ್ನು ಎತ್ತಿಕೊಳ್ಳುತ್ತಾರೆ. ತಂಡ ಬಿಳಿ 5ರಲ್ಲಿದ್ದರೆ ಅವರ ಕೈಯಲ್ಲಿ ಸಿ ಇರುತ್ತದೆ. ಆದರೆ ಹತ್ತು ರಂಧ್ರಗಳ ವಾದ್ಯದಲ್ಲಿ ಕೆಳಗಿನ ಸಪ್ತಕದ ಮಧ್ಯಮವೂ ಧೈವತವೂ ನೇರವಾಗಿ ದೊರೆಯವು. ನಾಲ್ಕರಿಂದ ಏಳನೆಯ ರಂಧ್ರದವರೆಗಿನ ಸಪ್ತಕವೊಂದೇ ಪೂರ್ಣ. ಅಲ್ಲಿಯೂ ಊದಿ ಎಳೆಯುವ ಕ್ರಮ ಏಳನೆಯ ರಂಧ್ರದಲ್ಲಿ ತಿರುಗಿ, ನಿಷಾದವನ್ನು ಮೊದಲು ಎಳೆದು ಆಮೇಲೆ ಷಡ್ಜವನ್ನು ಊದಬೇಕು. ಎಳೆಯರು ಎಡವುವ ಜಾಗವಿದು.

ನಮ್ಮ ವಚನ ಶುದ್ಧ ಸ್ವರಗಳದು; ಕಾಫಿ ಹೊಂದುತ್ತಿರಲಿಲ್ಲ. ಬಿಳಿ 1ಕ್ಕೆ ಇಳಿಸಿದಾಗ ಹುಡುಗಿಯ ಕೆಳಸ್ವರ ಕೇಳಿಸದಾಯಿತು. ಜಾತ್ರೆಯ ಇನ್ನೊಂದು ವಾದ್ಯ ಕೊಳ್ಳುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ಆಗ ಮಾಸ್ತರರು ಎರಡೂ ಷಡ್ಜಗಳಿಗೆ ಸಮಾನವಾದ ಸ್ವರಗಳನ್ನು ಪೇಟಿಯ ಮೇಲೆ ಎಣಿಸಿ ತೋರಿಸಿದರು: ಬಿಳಿ 2, 3, 5, 6, 7. ತಂಡದ ಲೆಕ್ಕದಲ್ಲಿ ಅವು ಸ, ರಿ, ಮ, ಪ, ಧ. ಅಂದರೆ ದುರ್ಗಾ ರಾಗದ ಐದು ಸ್ವರಗಳು. ಗಾಂಧಾರ, ನಿಷಾದಗಳನ್ನು ಮುಟ್ಟದೆ, ನುಡಿಯಿಂದ ನುಡಿಗೆ ನಡುವಿನ ಅವಕಾಶದಲ್ಲಿ ಮಾತ್ರ ನುಡಿಸಬೇಕೆಂದು ಹುಡುಗನಿಗೆ ಹೇಳಿಕೊಟ್ಟರು. ಎರಡು ಸಂಜೆಗಳಲ್ಲಿ ಅವನಿಗೆ ಅದು ಕೈಗೂಡಿತು.

1964ರ ‘ದೋಸ್ತಿ’ ಚಿತ್ರವನ್ನು ಹಿರಿಯರು ನೋಡಿರಬಹುದು. ಕಣ್ಣಿಲ್ಲದ ಗೆಳೆಯ ಹಾಡುತ್ತಾನೆ, ಕಾಲು ಊನವಾದವನು ಮೌತ್ ಆರ್ಗನ್ ನುಡಿಸುತ್ತಾನೆ. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಸಂಗೀತದ ಆ ಚಿತ್ರಕ್ಕೆ ತೆರೆಯ ಹಿಂದೆ ವಾದ್ಯ ನುಡಿಸಿದವರು ಆರ್. ಡಿ. ಬರ್ಮನ್. ಅಂಗೈಯಗಲದ ಈ ವಾದ್ಯವನ್ನು ಆಟಿಕೆಯೆಂದು ತಳ್ಳಿಹಾಕುವ ಪಾಲಕರು ಇದನ್ನು ನೆನೆಯಲಿ.

ಈ ಸಲದ ಜಾತ್ರೆಯಲ್ಲಿ ಮಗು ಮೌತ್ ಆರ್ಗನ್ ಬೇಡಿದರೆ ಅಕ್ಷರ ನೋಡಿ ಕೊಡಿಸಿರಿ. ಶಾಲೆಯ ಪ್ರಾರ್ಥನೆಯ ಷಡ್ಜ ಯಾವುದೆಂದು ಪೇಟಿ ಮಾಸ್ತರರನ್ನು ಮೊದಲೇ ಕೇಳಿಕೊಳ್ಳಿರಿ. ಮಗುವಿನ ಸ್ವರ ತಂಡಕ್ಕೆ ಕೂಡದಿದ್ದರೆ ಒಮ್ಮೆ ಒಬ್ಬನೇ ನುಡಿಸಲು ಬಿಟ್ಟು ಕೇಳಿರಿ. ನಾನು ಆ ಸಂಜೆ ಅಷ್ಟನ್ನು ಮಾಡಿದ್ದರೆ, ಹುಡುಗನೊಬ್ಬ ಒಂದು ರಾತ್ರಿಯಾದರೂ ತನಗೆ ಕಿವಿಯಿಲ್ಲವೆಂದು ನಂಬಿ ಮಲಗುತ್ತಿರಲಿಲ್ಲ.